ದ್ರಾಕ್ಷಾಯಣಿಯ ಇಪ್ಪತ್ತು ಹೆಸರು

ಸ್ಯಾನ್ ಡಿಯಾಗೊದ ಮಿರಾ ಮೇಸಾ ಬುಲೆವಾರ್ಡಿನಲ್ಲಿ ಒಂದು ನೂಡಲ್ ಅಂಗಡಿಗೂ ಒಂದು ಲಾಂಡ್ರಿಗೂ ನಡುವೆ ಒತ್ತಿಕೊಂಡಿರುವ ಹೊಲಿಗೆ ಅಂಗಡಿ ದ್ರಾಕ್ಷಾಯಣಿಯದು. ಒಳಗೆ ಎರಡು ಮಷೀನು, ಒಂದು ಇಸ್ತ್ರಿ ಮೇಜು, ಗೋಡೆಯ ಮೇಲೆ ಬಸವಣ್ಣನ ಚಿತ್ರದ ಕ್ಯಾಲೆಂಡರು. ಪಕ್ಕದ ಸ್ಕ್ರಿಪ್ಸ್ ರ್ಯಾಂಚ್ ಬಡಾವಣೆಯ ಕನ್ನಡದ ಹೆಣ್ಣುಮಕ್ಕಳು ರವಿಕೆ ಹೊಲಿಸುವುದು ಇಲ್ಲೇ, ಹಬ್ಬದ ಹಿಂದಿನ ವಾರ ಬಟ್ಟೆ ತಂದು ಬೈಸಿಕೊಳ್ಳುವುದೂ ಇಲ್ಲೇ. “ಗಣಪತಿ ಯಾವಾಗ ಬರ್ತಾನ ಅಂತ ವರ್ಷದ ಮೊದಲೇ ಕ್ಯಾಲೆಂಡರಿನಾಗ ಬರದಿರ್ತದ. ನಿಮಗ ಇವತ್ತ ಗೊತ್ತಾತೇನು?” ಎಂದು ಬೈಯುತ್ತಲೇ ಆಕೆ ಅಳತೆ ಬರೆದುಕೊಳ್ಳುತ್ತಿದ್ದಳು. ಬೈಸಿಕೊಂಡವರಿಗೆ ರವಿಕೆ ಹಬ್ಬದ ಮುಂಚಿನ ದಿನ ತಪ್ಪದೆ ಸಿಗುತ್ತಿತ್ತು.

ಆದರೆ ಈ ಕತೆ ರವಿಕೆಯದಲ್ಲ. ರವಿಕೆಗಳನ್ನು ತೂಗುಹಾಕಿದ ಕಂಬಿಯ ಎದುರಿಗೆ ಇನ್ನೊಂದು ಕಂಬಿ ಇತ್ತು. ಅದರಲ್ಲಿ ಆನೆಗೆ ಹೊಲಿಸಿದಂಥ ದೊಡ್ಡ ದೊಡ್ಡ ನೀಲಿ ಜರ್ಸಿಗಳು ನೇತಾಡುತ್ತಿದ್ದವು. ಮೂರು ಸಲ ಒಗೆದರೂ ಬೆವರಿನ ವಾಸನೆ ಬಿಡದ ಜರ್ಸಿಗಳು. ಊರಿನ ಐಸ್ ಹಾಕಿ ತಂಡ ಸ್ಯಾನ್ ಡಿಯಾಗೊ ಪೆಲಿಕನ್ಸಿನ ಆಟಗಾರರ ಹೆಸರನ್ನು ಬೆನ್ನಿಗೆ ಹೊಲಿಯುವುದು, ಬಿಚ್ಚುವುದು, ಹರಿದದ್ದಕ್ಕೆ ತೇಪೆ ಹಾಕುವುದು, ಎಲ್ಲ ಆಕೆಯ ಕೆಲಸ. ಹೊಡೆದಾಟದಲ್ಲಿ ಜರ್ಸಿ ತಲೆಯ ಮೇಲೆ ಬರದಂತೆ ಒಳಗಡೆ ಹಿಂಬದಿಗೆ ಒಂದು ಪಟ್ಟಿ ಇರುತ್ತದೆ. ವಾರಕ್ಕೆ ಮೂರಾದರೂ ಪಟ್ಟಿ ಕಿತ್ತು ಬರುತ್ತಿದ್ದವು. ಹುಲ್ಲಿನ ಮೇಲೆ ಆಡುವ ಹಾಕಿಯನ್ನು ಹುಬ್ಬಳ್ಳಿಯ ಮೈದಾನದಲ್ಲಿ ಕಂಡಿದ್ದ ದ್ರಾಕ್ಷಾಯಣಿಗೆ, ಮಂಜುಗಡ್ಡೆಯ ಮೇಲೆ ಒಂದು ಕರಿ ಬಿಲ್ಲೆಗಾಗಿ ಇಷ್ಟು ಬಡಿದಾಡುವ ಗಂಡಸರ ಬಗ್ಗೆ ಮೊದಮೊದಲು ದೊಡ್ಡ ಗೌರವವೇನೂ ಹುಟ್ಟಲಿಲ್ಲ.

ಇದು ಚಿಕ್ಕ ಲೀಗಿನ ತಂಡ. ಇದರ ಧಣಿ ತಂಡ ಲಾಸ್ ಏಂಜಲೀಸಿನಲ್ಲಿದೆ. ಇಲ್ಲಿ ಚೆನ್ನಾಗಿ ಆಡಿದವನನ್ನು ಅವರು ಒಂದು ಫೋನಿನಲ್ಲಿ ಕರೆಸಿಕೊಳ್ಳುತ್ತಾರೆ; ಅಲ್ಲಿ ಸೋತು ಸೊರಗಿದವನನ್ನು ಇನ್ನೊಂದು ಫೋನಿನಲ್ಲಿ ಕೆಳಕ್ಕೆ ಕಳಿಸುತ್ತಾರೆ. ಹೀಗಾಗಿ ಏಪ್ರಿಲಿನಲ್ಲಿ ಆಟ ಮುಗಿದಾಗ ಇದ್ದವರು ಅಕ್ಟೋಬರಿನಲ್ಲಿ ಆಟ ಶುರುವಾಗುವಾಗ ಇರುತ್ತಾರೆಂದು ಬ್ರಹ್ಮನೂ ಹೇಳಲಾರ. ಬ್ರಹ್ಮ ಹೇಳಲಾರದ್ದನ್ನು ದ್ರಾಕ್ಷಾಯಣಿ ಹೇಳುತ್ತಿದ್ದಳು.

ಆ ವಿದ್ಯೆ ಆಕೆಗೆ ಹಾಕಿಯಿಂದ ಬಂದದ್ದಲ್ಲ, ನಾಟಕದಿಂದ ಬಂದದ್ದು. ಆಕೆಯ ತಂದೆ ಶಿವಲಿಂಗಯ್ಯ ಊರೂರು ತಿರುಗುವ ನಾಟಕ ಕಂಪನಿಯಲ್ಲಿ ರಾಜಪಾರ್ಟು ಮಾಡುತ್ತಿದ್ದವರು. ತಾಯಿ ಪ್ರೇಮವ್ವ ಅದೇ ಕಂಪನಿಯ ಬಟ್ಟೆಯ ಪೆಟ್ಟಿಗೆಗಳನ್ನು ನೋಡಿಕೊಳ್ಳುತ್ತಿದ್ದಳು. ಜೋರು ಮಳೆಗಾಲದಲ್ಲಿ ಕಂಪನಿ ಎರಡು ತಿಂಗಳು ಮುಚ್ಚುತ್ತಿತ್ತು. ಪಾತ್ರಧಾರಿಗಳು ಊರಿಗೆ ಹೋಗುತ್ತಿದ್ದರು. ಯಾರು ತಿರುಗಿ ಬರುತ್ತಾರೆ, ಯಾರು ಬೇರೆ ಕಂಪನಿಗೆ ಹಾರುತ್ತಾರೆ ಎಂದು ಮಾಲಕರು ತಲೆ ಕೆರೆದುಕೊಳ್ಳುತ್ತಿದ್ದರೆ, ಪ್ರೇಮವ್ವ ಬಟ್ಟೆ ಮಡಚುತ್ತಲೇ ಹೇಳಿಬಿಡುತ್ತಿದ್ದಳು: “ಟ್ರಂಕ್ ಇಲ್ಲೇ ಬಿಟ್ಟು ಹೋದಾಂವ ಬರ್ತಾನ. ಬಣ್ಣ ಹಚ್ಚೊ ಕನ್ನಡಿ ಒಯ್ದಾಂವ ಬರೂದಿಲ್ಲ.” ಮಾತು ಕೊಡುವ ಬಾಯಿಯನ್ನು ನಂಬಬೇಡ, ಸಾಮಾನು ನೋಡು ಎಂಬುದು ಆಕೆಯ ಶಾಸ್ತ್ರ. ಆ ಶಾಸ್ತ್ರ ಮಗಳಿಗೆ ಹಾಲಿನ ಜೊತೆಗೇ ಇಳಿದಿತ್ತು.

ದ್ರಾಕ್ಷಾಯಣಿ ಹೊಲಿಗೆ ಕಲಿತದ್ದೂ ಅಲ್ಲೇ, ಅದೂ ಬಿಚ್ಚುವುದರಿಂದ. ಆಕೆಗೆ ಹದಿನಾಲ್ಕು ವರ್ಷವಾಗಿದ್ದಾಗ ಶಿವಲಿಂಗಯ್ಯನವರ ಧ್ವನಿ ಒಡೆಯಿತೆಂದು ಮಾಲಕರು ರಾಜಪಾರ್ಟನ್ನು ಇಳಕಲ್ಲಿನ ಒಬ್ಬ ತೆಳ್ಳನೆಯ ಹುಡುಗನಿಗೆ ಕೊಟ್ಟರು. ತಂದೆಯ ಜರಿ ಅಂಗಿಯನ್ನು ಆ ಹುಡುಗನ ಮೈಗೆ ಹೊಂದಿಸಲು ಬಿಚ್ಚುವ ಕೆಲಸ ಮಗಳ ಪಾಲಿಗೆ ಬಂತು. ಶಿವಲಿಂಗಯ್ಯ ಪಕ್ಕದಲ್ಲೇ ಕೂತು ಅಂಗಿಯ ಇನ್ನೊಂದು ತುದಿ ಹಿಡಿದುಕೊಂಡರು. “ಸಾವಕಾಶ ಬಿಚ್ಚವಾ, ಜರಿ ಹರದೀತು,” ಎಂದರು.

ಮರುದಿನ ಅವರಿಗೆ ಹೊಸ ಕೆಲಸ. ಟಾಂಗಾದಲ್ಲಿ ಕೂತು ಊರ ಬೀದಿಗಳಲ್ಲಿ ಮೈಕಿನಲ್ಲಿ ನಾಟಕದ ಪ್ರಚಾರ ಮಾಡಬೇಕು. ಆವರೆಗೆ ಅದೇ ಟಾಂಗಾ “ಗಂಡುಗಲಿ ಶಿವಲಿಂಗಯ್ಯ” ಎಂದು ಕೂಗುತ್ತ ತಿರುಗುತ್ತಿತ್ತು. ಈಗ ಗಂಡುಗಲಿಯೇ ಕೂತು ಆ ಇಳಕಲ್ಲಿನ ಹುಡುಗನ ಹೆಸರನ್ನು, ಒಂದಕ್ಕೆ ಎರಡು ಬಿರುದು ಸೇರಿಸಿ, ಗಂಟಲು ಬಿಚ್ಚಿ ಕೂಗಿದರು. ಹನ್ನೊಂದು ವರ್ಷ ಹಾಗೇ ಕೂಗಿದರು. ದ್ರಾಕ್ಷಾಯಣಿ ಪಕ್ಕದಲ್ಲಿ ಕೂತು ಹ್ಯಾಂಡ್‌ಬಿಲ್ ತೂರುತ್ತಿದ್ದಳು. ಒಂದೇ ಒಂದು ಸಲ ಮೈಕು ಕೊಡಪ್ಪಾ ಎಂದು ಕೇಳಿದರೆ, “ಮಾಲಕರು ಬೈತಾರವಾ” ಎನ್ನುತ್ತಿದ್ದರು. ಇಂಥ ಮಾಲಕರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಅಂತೂ ಆಕೆ ಮೈಕು ಹಿಡಿಯಲಿಲ್ಲ, ಮದುವೆಯಾಯಿತು, ಗಂಡ ಅಣ್ಣಾಸಾಹೇಬರಿಗೆ ಸ್ಯಾನ್ ಡಿಯಾಗೊದ ಒಂದು ಟೆಲಿಕಾಂ ಕಂಪನಿಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು, ಆಕೆ ಮಷೀನಿನ ಮುಂದೆ ಕೂತಳು.

ಎರಡು ಸಾವಿರದ ಹದಿನೈದರಲ್ಲಿ ಪೆಲಿಕನ್ಸ್ ತಂಡ ಊರಿಗೆ ಬಂತು. ಅದರ ಸಾಮಾನು ಸರಂಜಾಮು ನೋಡಿಕೊಳ್ಳುವ ಹ್ಯಾಂಕ್ ಎಂಬ ದಪ್ಪ ಮೀಸೆಯವನು ಒಂದು ಹೊರೆ ಜರ್ಸಿ ಹೊತ್ತುಕೊಂಡು ಅಂಗಡಿಗೆ ಬಂದ. ಋತು ಮುಗಿದ ಮೇಲೆ ಎಲ್ಲ ಹೆಸರುಗಳನ್ನು ಬಿಚ್ಚಿ ಎಸೆಯಿರಿ ಎಂದ. ದ್ರಾಕ್ಷಾಯಣಿ ಬಿಚ್ಚಿದಳು, ಎಸೆಯಲಿಲ್ಲ. ಹೆಸರನ್ನು ಕಸದ ಬುಟ್ಟಿಗೆ ಹಾಕುವುದೆಂದರೆ ಆಕೆಗೆ ಕೈ ಬರಲಿಲ್ಲ. ಬಿಚ್ಚಿದ ಹೆಸರಿನ ಪಟ್ಟಿಗಳನ್ನೆಲ್ಲ ಇಸ್ತ್ರಿ ಮಾಡಿ, ಬಿಸ್ಕತ್ತಿನ ನೀಲಿ ಡಬ್ಬಿಯಲ್ಲಿ ಜೋಡಿಸಿಟ್ಟಳು. “ಇದು ಯಾವ ಮ್ಯೂಸಿಯಂ ಮಾಡಾಕ್ಹತ್ತೀ ನೀ?” ಎಂದು ಅಣ್ಣಾಸಾಹೇಬರು ಕೇಳಿದರು. ಬಿಸ್ಕತ್ತು ಸಿಗುತ್ತದೆಂದು ಡಬ್ಬಿ ತೆರೆದು ಮೋಸ ಹೋಗಿದ್ದರು ಪಾಪ.

ತಾಯಿಯ ಶಾಸ್ತ್ರ ಕೆಲಸಕ್ಕೆ ಬಂದದ್ದು ಆಮೇಲೆ. ಆಟಗಾರರೂ ಅವರ ಹೆಂಡಿರೂ ತಮ್ಮ ಬಟ್ಟೆಗಳನ್ನೂ ಅಲ್ಲಿಗೇ ತರತೊಡಗಿದರು. ಯಾವ ಹುಡುಗ ಮೇ ತಿಂಗಳಲ್ಲಿ ಎರಡೆರಡು ಸೂಟು ಅಳತೆಗೆ ಸರಿಮಾಡಿಸುತ್ತಾನೋ ಅವನ ಕಣ್ಣು ಲಾಸ್ ಏಂಜಲೀಸಿನ ಮೇಲಿದೆ. ಯಾರ ಹೆಂಡತಿ ಮಗುವಿನ ಶಾಲೆಯ ಲಂಗಕ್ಕೆ ಮುಂದಿನ ವರ್ಷ ಬಿಡಿಸಲು ಬರುವಂತೆ ಮಡಿಕೆ ಹಾಕಿಸುತ್ತಾಳೋ ಅವರು ಊರು ಬಿಡುವುದಿಲ್ಲ. ಯಾರು ಪ್ಯಾಂಟಿನ ಸೊಂಟವನ್ನು ಒಂದಲ್ಲ, ಎರಡು ಇಂಚು ಸಡಿಲ ಮಾಡಿಸುತ್ತಾನೋ ಅವನ ಆಟ ಮುಗಿಯಿತು. ಇದನ್ನೆಲ್ಲ ಆಕೆ ಯಾರಿಗೂ ಹೇಳುತ್ತಿರಲಿಲ್ಲ. ಕೇಳಿದವರು ಯಾರು?

ಕೇಳಿದವಳು ಸಿಂಧೂರ. ಬೆಂಗಳೂರಿನ ಹುಡುಗಿ, ಇಲ್ಲೇ ಸಂಖ್ಯಾಶಾಸ್ತ್ರದಲ್ಲಿ ಪಿಎಚ್‌ಡಿ ಮಾಡಿ ಕೆಲಸಕ್ಕೆ ಸೇರಿದವಳು, ಐಸ್ ಹಾಕಿಯ ಹುಚ್ಚಿ. ಪ್ರತಿ ಬೇಸಿಗೆಯಲ್ಲೂ ಮುಂದಿನ ಋತುವಿನ ತಂಡದಲ್ಲಿ ಯಾರಿರುತ್ತಾರೆಂದು ಲೆಕ್ಕ ಹಾಕಿ ತನ್ನ ಬ್ಲಾಗಿನಲ್ಲಿ ಬರೆಯುತ್ತಿದ್ದಳು. ವಯಸ್ಸು, ಗೋಲು, ಕರಾರಿನ ವರ್ಷ, ಎಲ್ಲ ಹಾಕಿದ ಉದ್ದನೆಯ ಸ್ಪ್ರೆಡ್‌ಶೀಟು. ಎರಡು ಸಾವಿರದ ಹದಿನಾರರ ಬೇಸಿಗೆಯಲ್ಲಿ ರವಿಕೆ ಒಯ್ಯಲು ಬಂದವಳು ಮಾತಿಗೆ ಮಾತು ಬಂದು ತನ್ನ ಪಟ್ಟಿ ಓದಿದಳು. ದ್ರಾಕ್ಷಾಯಣಿ ತಲೆಯೆತ್ತದೆ, “ಅಂವ ಬರೂದಿಲ್ಲ, ಇಂವ ಬರ್ತಾನ,” ಎನ್ನುತ್ತ ಕಾಜಾ ಹೊಲಿದಳು. ಸಿಂಧೂರ ತಮಾಷೆಗೆ ಬರೆದುಕೊಂಡಳು. ಅಕ್ಟೋಬರಿನಲ್ಲಿ ನೋಡಿದರೆ ಸ್ಪ್ರೆಡ್‌ಶೀಟಿನಲ್ಲಿ ಸರಿಯಾದದ್ದು ಇಪ್ಪತ್ತಕ್ಕೆ ಹದಿನಾರು ಹೆಸರು, ದ್ರಾಕ್ಷಾಯಣಿಯದು ಹದಿನೆಂಟು.

“ಆಂಟಿ, ಇದು ಹೇಗೆ ಸಾಧ್ಯ? ನೀವು ಒಂದು ಮ್ಯಾಚ್ ಕೂಡ ಪೂರ್ತಿ ನೋಡಿಲ್ಲ!” ಸಿಂಧೂರ ಅಂಗಡಿಗೇ ಬಂದು ಜಗಳಕ್ಕೆ ನಿಂತಳು.

“ಮ್ಯಾಚ್ ನೋಡಿದ್ರ ಆಟ ತಿಳೀತದ, ತಂಗಿ. ಮನಷ್ಯಾ ತಿಳೀಬೇಕಂದ್ರ ಅಂವನ ಪ್ಯಾಂಟ್ ನೋಡಬೇಕು.”

ಮುಂದಿನ ವರ್ಷ ಸಿಂಧೂರ ಬಿಡಲಿಲ್ಲ. ಅಭಿಮಾನಿಗಳ ಸಂಘದವರು ಪ್ರತಿ ವರ್ಷ ಒಂದು ಸ್ಪರ್ಧೆ ನಡೆಸುತ್ತಿದ್ದರು. ಜೂನ್ ಮುಗಿಯುವುದರೊಳಗೆ ಇಪ್ಪತ್ತು ಹೆಸರು ಬರೆದುಕೊಡಬೇಕು. ಅಕ್ಟೋಬರಿನ ಮೊದಲ ಪಂದ್ಯಕ್ಕೆ ಅಂಕಣಕ್ಕಿಳಿಯುವ ಇಪ್ಪತ್ತು ಜನರಲ್ಲಿ ಯಾರ ಪಟ್ಟಿ ಹೆಚ್ಚು ಹೊಂದುತ್ತದೋ ಅವರು ಗೆದ್ದಂತೆ. ಪಂದ್ಯದ ಹಿಂದಿನ ದಿನದವರೆಗೆ ಒಂದೇ ಒಂದು ಹೆಸರು ಬದಲಿಸಬಹುದು. ಸಮವಾದರೆ ಮೊದಲು ಚೀಟಿ ಕೊಟ್ಟವರಿಗೆ ಬಹುಮಾನ. ದ್ರಾಕ್ಷಾಯಣಿಗೆ ಇದರಲ್ಲಿ ಆಸಕ್ತಿ ಇರಲಿಲ್ಲ. ಬಹುಮಾನ ಏನೆಂದು ಕೇಳಿದಳು, ಸುಮ್ಮನೆ, ಮಾತಿಗೆ.

“ಕಪ್ ಗಿಪ್ ಏನೂ ಇಲ್ಲ ಆಂಟಿ. ಗೆದ್ದವರು ಮೊದಲ ಪಂದ್ಯದ ದಿನ ಐಸಿನ ಮೇಲೆ ಕಾರ್ಪೆಟ್ ಹಾಕಿಸ್ಕೊಂಡು ನಿಂತು, ಮೈಕ್‌ನಲ್ಲಿ ತಂಡದ ಹೆಸರು ಕೂಗಬೇಕು. ಇಪ್ಪತ್ತೂ ಜನದ್ದು. ಎಂಟು ಸಾವಿರ ಜನ ಕೇಳಿಸ್ಕೋತಾರೆ.”

ಮಷೀನು ನಿಂತಿತು. ದ್ರಾಕ್ಷಾಯಣಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡಳು. ಐವತ್ತೇಳು ವರ್ಷದ ಹೆಂಗಸು, ಮೊಣಕಾಲು ನೋವು, ಬಿ.ಪಿ. ಮಾತ್ರೆ. ಆದರೆ ಎದೆಯೊಳಗೆ ಟಾಂಗಾದ ಗಂಟೆ ಕೇಳಿಸಿತು. ಈ ಜನ್ಮದಲ್ಲಿ ಅಷ್ಟು ಆಸೆಯಿಂದ ಬೇರೆ ಏನನ್ನೂ ಆಕೆ ಬಯಸಿರಲಿಲ್ಲ, ಇದನ್ನು ನಾನು ಉಪ್ಪು ಖಾರ ಹಚ್ಚದೆ ಹೇಳುತ್ತಿದ್ದೇನೆ.

“ಪೆನ್ ಕೊಡು,” ಎಂದಳು.

ಮೂರು ವಾರ ಯೋಚಿಸಿ ಬರೆದ ಪಟ್ಟಿ ಅದು. ಹದಿನೆಂಟು ಹೆಸರುಗಳ ಬಗ್ಗೆ ಯಾರೂ ತಕರಾರು ತೆಗೆಯುವಂತಿರಲಿಲ್ಲ. ಎರಡನೆಯ ಗೋಲ್‌ಕೀಪರ್ ಜಾಗಕ್ಕೆ ಒಬ್ಬ ಫಿನ್ಲೆಂಡಿನ ಹುಡುಗನನ್ನು ಹಾಕಿದ್ದಳು, ಯಾಕೆಂದರೆ ಅವನು ತನ್ನ ಚಳಿಯ ಕೋಟನ್ನು ಅಂಗಡಿಯಲ್ಲೇ ಬಿಟ್ಟು ಹೋಗಿದ್ದ. ಟ್ರಂಕು ಬಿಟ್ಟವನು ಬರುತ್ತಾನೆ. ಆದರೆ ಸಿಂಧೂರ ಎದ್ದು ಕೂತದ್ದು ರಕ್ಷಣಾ ಆಟಗಾರರ ಸಾಲು ನೋಡಿ. ತಂಡದ ಚಿನ್ನದಂಥ ಹುಡುಗ ಬ್ರಾನಿಗನ್ ಆ ಸಾಲಿನಲ್ಲಿ ಇರಲೇ ಇಲ್ಲ. ಅವನ ಜಾಗದಲ್ಲಿ ಮೂವತ್ತನಾಲ್ಕು ವರ್ಷದ, ಮೊಣಕಾಲಿಗೆ ಶಸ್ತ್ರಚಿಕಿತ್ಸೆಯಾಗಿದ್ದ ಬ್ರೆಟ್ ವಿಲ್ಬರ್ಗ್ ಇದ್ದ.

“ಬ್ರಾನಿಗನ್ ಎರಡು ಸೂಟ್ ಸರಿ ಮಾಡಿಸ್ಯಾನ. ಅಂವ ಮ್ಯಾಲ ಹೋಗ್ತಾನ.”

“ಸರಿ, ವಿಲ್ಬರ್ಗ್? ಆಂಟಿ, ಅವನು ಮುಗಿದ. ಕರಾರೂ ಇಲ್ಲ. ಊರಲ್ಲಿ ಯಾರೂ ಅವನ ಹೆಸರು ಹಾಕಲ್ಲ.”

“ಅಂವನ ಹೆಂಡ್ತಿ ಮನೀ ಕಿಟಕಿಗೆಲ್ಲ ಪರದೆ ಅಂಚು ಹೊಲಿಸ್ಯಾಳ. ಒಂಬತ್ತು ಕಿಟಕಿ, ಒಂದೊಂದರ ಉದ್ದ ಬ್ಯಾರೆ. ಬಿಟ್ಟು ಹೋಗೋ ಮನಿಗೆ ಯಾರರ ಅಳತಿ ತಗೊಂಡು ಪರದೆ ಹಾಕಸ್ತಾರೇನು?”

ಸಿಂಧೂರ ಆ ಪಟ್ಟಿಯನ್ನು ಬ್ಲಾಗಿನಲ್ಲಿ ಹಾಕಿದಳು. ಜನ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಲಾ ಹೋಯಾ ಬಡಾವಣೆಯ ಒಬ್ಬ ದಂತವೈದ್ಯ, ಹೋದ ವರ್ಷ ಗೆದ್ದವನು, ಸೂಜಿ ಹಿಡಿದವರೆಲ್ಲ ಹಾಕಿ ಬಲ್ಲವರಲ್ಲ ಎಂದು ಬರೆದ. ಹಲ್ಲು ಕೀಳುವವನೇ ಇದನ್ನು ಬರೆದದ್ದು ಅಣ್ಣಾಸಾಹೇಬರಿಗೆ ಬಹಳ ಹಿಡಿಸಿತು. ವಾರಗಟ್ಟಲೆ ಊಟಕ್ಕೆ ಕೂತಾಗ ನೆನೆಸಿಕೊಂಡು ನಗುತ್ತಿದ್ದರು. ದ್ರಾಕ್ಷಾಯಣಿ ಮಾತ್ರ ಮಧ್ಯಾಹ್ನ ಗಿರಾಕಿ ಇಲ್ಲದಾಗ ಇಸ್ತ್ರಿ ಪೆಟ್ಟಿಗೆಯನ್ನು ಬಾಯಿಯ ಮುಂದೆ ಹಿಡಿದು, ಮೆತ್ತಗೆ, ಇಪ್ಪತ್ತು ಹೆಸರು ಕೂಗಿ ಅಭ್ಯಾಸ ಮಾಡುತ್ತಿದ್ದಳು. ಪಕ್ಕದ ನೂಡಲ್ ಅಂಗಡಿಯ ಅಜ್ಜಿ ಒಂದು ದಿನ ಬಾಗಿಲಲ್ಲಿ ನಿಂತು ಕೇಳಿ, ಚಪ್ಪಾಳೆ ತಟ್ಟಿ ಹೋದಳು.

ಸೆಪ್ಟೆಂಬರಿನಲ್ಲಿ ಗಾಳಿ ತಿರುಗಿತು. ಲಾಸ್ ಏಂಜಲೀಸಿನ ದೊಡ್ಡ ತಂಡ ಬ್ರಾನಿಗನ್ನನನ್ನು ಎರಡು ವಾರ ಪರೀಕ್ಷಿಸಿ, ಇನ್ನೂ ಎಳೆಯ ಎಂದು ಕೆಳಕ್ಕೆ ಕಳಿಸಿತು. ಎರಡು ಸೂಟಿನ ಹುಡುಗ ಸ್ಯಾನ್ ಡಿಯಾಗೊಗೆ ವಾಪಸು. ಫಿನ್ಲೆಂಡಿನ ಗೋಲ್‌ಕೀಪರ್ ಬರಲೇ ಇಲ್ಲ. ಕೋಟು ಮರೆತು ಹೋಗಿತ್ತು, ಅಂಚೆಯಲ್ಲಿ ಕಳಿಸಿ ಎಂದು ಮೇಲ್ ಮಾಡಿದ. ವಿಲ್ಬರ್ಗನನ್ನು ತಂಡ ಕರೆಯಲೇ ಇಲ್ಲ.

ಅದೇ ವಾರ ವಿಲ್ಬರ್ಗನ ಹೆಂಡತಿ ಕ್ಯಾರಿ ಮಗಳ ಲಂಗ ಹಿಡಿದು ಅಂಗಡಿಗೆ ಬಂದಳು. ದ್ರಾಕ್ಷಾಯಣಿ ತಡೆಯಲಾರದೆ ಕೇಳಿಯೇಬಿಟ್ಟಳು: ಮತ್ತೆ ಆ ಪರದೆಗಳನ್ನು ಯಾಕೆ ಹೊಲಿಸಿದೆ? ಕ್ಯಾರಿ ನಕ್ಕಳು. ಹನ್ನೆರಡು ವರ್ಷದಲ್ಲಿ ಒಂಬತ್ತು ಊರು ಬದಲಿಸಿದ್ದೇವೆ, ಮಗಳು ಎರಡನೇ ಕ್ಲಾಸಿಗೆ ಬಂದಳು, ಇನ್ನು ಸಾಕು ಎಂದುಕೊಂಡೆವು. ಬ್ರೆಟ್ ಬೆಳಿಗ್ಗೆ ಮಕ್ಕಳಿಗೆ ಸ್ಕೇಟಿಂಗ್ ಕಲಿಸುತ್ತಾನೆ, ಮಧ್ಯಾಹ್ನ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲಸ. ತಂಡ ಇಟ್ಟುಕೊಳ್ಳಲಿ ಬಿಡಲಿ, ನಾವು ಇಲ್ಲೇ. ಹಾಗೆಂದು ಕ್ಯಾರಿ ಲಂಗ ಕೊಟ್ಟು ಹೋದಳು.

ದ್ರಾಕ್ಷಾಯಣಿ ಸ್ಟೂಲಿನ ಮೇಲೆ ಕೂತುಬಿಟ್ಟಳು. ಎಂಥಾ ತಪ್ಪಾಯಿತು! ನಾಟಕದವರಿಗೆ ಮಾತ್ರ ಆಗುವ ತಪ್ಪು. ಕಂಪನಿಯಲ್ಲಿ ಟ್ರಂಕು ಉಳಿದರೆ ಬಣ್ಣವೂ ಉಳಿಯಿತೆಂದೇ ಅರ್ಥ. ಪಾರ್ಟು ಇಲ್ಲದೆ ಬರಿದೆ ಒಂದು ಊರಿನಲ್ಲಿ ಉಳಿಯುವ ನಟನನ್ನು ಆಕೆ ಹುಟ್ಟಿದ ಮೇಲೆ ಕಂಡಿರಲಿಲ್ಲ. ಊರಲ್ಲಿ ಇರುವುದು ಬೇರೆ, ತಂಡದಲ್ಲಿ ಇರುವುದು ಬೇರೆ ಎಂದು ಆಕೆಗೆ ಹೊಳೆದೇ ಇರಲಿಲ್ಲ. ಮನೆಗೆ ಹೋಗಿ ಗಂಡನಿಗೆ ಹೇಳಿಕೊಂಡು ನಕ್ಕಳು, ನಗುವಾಗ ಕಣ್ಣೂ ಒದ್ದೆಯಾಯಿತು.

ಮೊದಲ ಪಂದ್ಯ ಶುಕ್ರವಾರ. ಗುರುವಾರ ಸಂಜೆ ಐದಕ್ಕೆ ಸಿಂಧೂರ ಓಡಿಬಂದಳು, ಕೈಯಲ್ಲಿ ಲ್ಯಾಪ್‌ಟಾಪು. ತಂಡದವರು ಆ ಹೊತ್ತಿಗೆ ಇಪ್ಪತ್ತು ಜನರನ್ನು ಹೇಳಿಬಿಟ್ಟಿದ್ದರು. ದಂತವೈದ್ಯನದು ಹದಿನೆಂಟು ಸರಿ. ದ್ರಾಕ್ಷಾಯಣಿಯದೂ ಹದಿನೆಂಟು. ದಂತವೈದ್ಯ ತನ್ನ ಬದಲಾವಣೆಯನ್ನು ಬಳಸಿಯಾಗಿತ್ತು. ಚೀಟಿ ಮೊದಲು ಕೊಟ್ಟವನೂ ಅವನೇ.

“ಆಂಟಿ, ನಿಮಗಿನ್ನೂ ಒಂದು ಚೇಂಜ್ ಇದೆ. ವಿಲ್ಬರ್ಗ್ ತೆಗೆದು ಬ್ರಾನಿಗನ್ ಹಾಕಿ. ಹತ್ತೊಂಬತ್ತಾಗತ್ತೆ. ಮೈಕ್ ನಿಮ್ಮದು. ಆರು ಗಂಟೆಗೆ ಕ್ಲೋಸ್ ಆಗತ್ತೆ, ಬೇಗ!”

ಗೆಲುವು ಅಂಗೈ ಮೇಲಿನ ನೆಲ್ಲಿಕಾಯಿಯಷ್ಟು ಸ್ಪಷ್ಟವಾಗಿತ್ತು. ದ್ರಾಕ್ಷಾಯಣಿ ಪಟ್ಟಿಯನ್ನು ನೋಡಿದಳು. ಒಂದು ಹೆಸರು ಹೊಡೆದು ಹಾಕಿದರೆ ಆಯಿತು. ಆಕೆಯ ಮೂರು ತಿಂಗಳ ಕನಸು, ಮೂರು ತಿಂಗಳದ್ದೇನು, ನಲವತ್ತಮೂರು ವರ್ಷದ್ದು. ಕೈ ಮುಂದೆ ಹೋಯಿತು, ನಿಂತಿತು. ಜರಿ ಅಂಗಿಯ ತುದಿ ಹಿಡಿದುಕೊಂಡ ಎರಡು ಕೈಗಳು ಕಣ್ಣಮುಂದೆ ಬಂದವು.

“ಆಗೂದಿಲ್ಲ ತಂಗಿ,” ಎಂದಳು. “ಹೆಸರು ಬಿಚ್ಚೂದು ನನ್ನ ಹೊಟ್ಟೀಪಾಡು. ದಿನಾ ಬಿಚ್ಚತೀನಿ. ಈ ಒಂದು ಕಾಗದದಾಗರ ಅಂವನ ಹೆಸರು ಇರ್ಲಿ ಬಿಡು.”

“ಆದ್ರೆ ಸೋಲ್ತೀರ!”

“ಸೋಲ್ತೀನಿ. ಆದ್ರ ಒಂದ್ ಮಾತು, ಅಂವ ಊರಾಗಂತೂ ಅದಾನ. ಊರಿಗೆ ಬಂದಾಂವ ನೀರಿಗೆ ಬರದ ಇರ್ತಾನೇನು?”

ಸಿಂಧೂರಳಿಗೆ ಸಿಟ್ಟು, ಅಳು, ನಗು ಮೂರೂ ಒಟ್ಟಿಗೆ ಬಂದವು. ಆರು ಗಂಟೆ ಹೊಡೆಯುವವರೆಗೂ ಲ್ಯಾಪ್‌ಟಾಪ್ ತೆರೆದಿಟ್ಟುಕೊಂಡು ಕೂತಿದ್ದಳು. ಆಮೇಲೆ ಮುಚ್ಚಿ, ದ್ರಾಕ್ಷಾಯಣಿ ಕೊಟ್ಟ ಅವಲಕ್ಕಿ ತಿಂದು ಹೋದಳು.

ಶುಕ್ರವಾರ ಮಧ್ಯಾಹ್ನ ಎರಡೂವರೆಗೆ ಹ್ಯಾಂಕಿನ ವ್ಯಾನು ಅಂಗಡಿಯ ಮುಂದೆ ಕಿರ್ರೆಂದು ನಿಂತಿತು. ಹ್ಯಾಂಕ್ ಏದುಸಿರು ಬಿಡುತ್ತ ಒಳಗೆ ಬಂದ. ಕೈಯಲ್ಲಿ ಹೆಸರಿಲ್ಲದ ಒಂದು ಇಪ್ಪತ್ತೇಳನೆಯ ನಂಬರಿನ ಜರ್ಸಿ. ಬೆಳಿಗ್ಗೆ ಲಾಸ್ ಏಂಜಲೀಸಿನಲ್ಲಿ ದೊಡ್ಡ ತಂಡದ ಒಬ್ಬನ ಮಣಿಕಟ್ಟು ಮುರಿದಿದೆ. ಹನ್ನೊಂದು ಗಂಟೆಗೆ ಬ್ರಾನಿಗನ್ ಹೊಸ ಸೂಟು ಹಾಕಿಕೊಂಡು ಕಾರು ಹತ್ತಿ ಹೋದ. ಪಂದ್ಯಕ್ಕೆ ಒಬ್ಬ ಕಡಿಮೆ. ಬೇರೆ ಊರಿನಿಂದ ಯಾರನ್ನು ಕರೆಸಿದರೂ ಏಳು ಗಂಟೆಯೊಳಗೆ ಮುಟ್ಟುವುದಿಲ್ಲ. ಕೈಗೆ ಸಿಗುವವನು, ಆಡಬಲ್ಲವನು ಊರಿನಲ್ಲಿ ಒಬ್ಬನೇ. ಹಾರ್ಡ್‌ವೇರ್ ಅಂಗಡಿಗೆ ಫೋನು ಹೋಗಿತ್ತು, ಮಧ್ಯಾಹ್ನವೇ ತಾತ್ಕಾಲಿಕ ಕರಾರಿಗೆ ಸಹಿಯೂ ಆಗಿತ್ತು.

ಅಕ್ಷರ ಕತ್ತರಿಸುವ ಮಷೀನು ಕೆಟ್ಟಿದೆ, ಹೆಸರಿಲ್ಲದೆಯೇ ಆಡಿಸುತ್ತೇವೆ, ಒಳಗಿನ ಪಟ್ಟಿ ಮಾತ್ರ ಗಟ್ಟಿಯಾಗಿ ಹೊಲಿದುಕೊಡಿ ಎಂದ ಹ್ಯಾಂಕ್.

“ಹೆಸರಿಲ್ಲದ?” ದ್ರಾಕ್ಷಾಯಣಿ ಕನ್ನಡದಲ್ಲೇ ಕೂಗಿದಳು. “ಯಾಕ, ಅಂವನ ಅಪ್ಪ ಅವ್ವ ಹೆಸರು ಇಟ್ಟಿಲ್ಲೇನು?”

ನೀಲಿ ಡಬ್ಬಿ ಕೆಳಗಿಳಿಯಿತು. ಎರಡು ವರ್ಷದ ಹೆಸರುಗಳು ಮೇಜಿನ ತುಂಬ ಹರಡಿದವು. ಅಡಿಯಿಂದ ನಾಲ್ಕನೆಯದು, ಮಡಿಕೆ ಕೂಡ ಬೀಳದೆ, ವಿಲ್ಬರ್ಗ್. ಹ್ಯಾಂಕ್ ಮೀಸೆಯ ಮೇಲೆ ಕೈಯಿಟ್ಟುಕೊಂಡು ನೋಡುತ್ತ ನಿಂತ. ಎಸೆಯಿರಿ ಎಂದು ಹೇಳಿದವನು ತಾನೇ ಎಂಬುದು ಅವನಿಗೆ ನೆನಪಾಗಿರಬೇಕು. ದ್ರಾಕ್ಷಾಯಣಿ ಗುಂಡುಸೂಜಿಗಳನ್ನು ತುಟಿಯಲ್ಲಿ ಕಚ್ಚಿಕೊಂಡು, ಬೆನ್ನಿನ ಮೇಲೆ ಪಟ್ಟಿಯನ್ನು ನೇರ ಕೂರಿಸಿ, ಮಷೀನು ತುಳಿದಳು. ಇಪ್ಪತ್ತು ನಿಮಿಷ. ಎರಡು ಸಲ ಹೊಲಿಗೆ ಓಡಿಸಿದಳು, ಈ ಸಲ ಸುಲಭವಾಗಿ ಬಿಚ್ಚಬಾರದು ಎಂದು.

ಹ್ಯಾಂಕ್ ಹೋದ ಮೇಲೆಯೇ ಆಕೆಗೆ ಸ್ಪರ್ಧೆಯ ಪಟ್ಟಿಯ ನೆನಪಾದದ್ದು. ಬೆರಳು ಮಡಚಿ ಎಣಿಸಿದಳು. ಮತ್ತೆ ಎಣಿಸಿದಳು. ಆಮೇಲೆ ಅಂಗಡಿಯ ಬಾಗಿಲಿಗೆ ಚಿಲಕ ಹಾಕಿ, ಗಂಡನಿಗೆ ಫೋನು ಮಾಡಿ, “ನನ್ನ ಇಳಕಲ್ ಸೀರಿ ಇಸ್ತ್ರಿ ಮಾಡ್ರಿ,” ಎಂದಳು.

ಸಂಜೆ ಅರೀನಾದಲ್ಲಿ ಅಣ್ಣಾಸಾಹೇಬರು ಮಂಕಿ ಕ್ಯಾಪು ಹಾಕಿಕೊಂಡು, ಥರ್ಮಾಸಿನಲ್ಲಿ ಚಹಾ ಹಿಡಿದುಕೊಂಡು ಕೂತರು. ಸೀರೆಯ ಮೇಲೆ ಸ್ವೆಟರು ತೊಟ್ಟ ಹೆಂಡತಿ ಪಕ್ಕದಲ್ಲಿ ಕೈ ಹಿಸುಕಿಕೊಳ್ಳುತ್ತಿದ್ದಳು. ಆರೂಕಾಲಿಗೆ ತಂಡದ ಅಧಿಕೃತ ಪಟ್ಟಿ ಬಂತು. ಸಿಂಧೂರ ಮೆಟ್ಟಿಲುಗಳ ಮೇಲೆ ಎರಡೆರಡು ಹಾರುತ್ತ, ಕೆಳಗಿನಿಂದಲೇ ಕೂಗುತ್ತ ಬಂದಳು: “ಹತ್ತೊಂಬತ್ತು! ಆಂಟಿ, ಹತ್ತೊಂಬತ್ತು! ದಂತವೈದ್ಯಂದು ಹದಿನೇಳಾಯ್ತು!” ಸುತ್ತಲಿನವರಿಗೆ ಏನೂ ಅರ್ಥವಾಗಲಿಲ್ಲ, ಆದರೂ ಒಂದಿಬ್ಬರು ಚಪ್ಪಾಳೆ ಹೊಡೆದರು. ಆ ಒಂದು ತಪ್ಪಿದ್ದು ಫಿನ್ಲೆಂಡಿನ ಕೋಟಿನದು. ಮರೆಗುಳಿಗಳಿಗೆ ಯಾವ ಶಾಸ್ತ್ರವೂ ಹೊಂದುವುದಿಲ್ಲ.

ಐಸಿನ ಮೇಲೆ ಕೆಂಪು ಕಾರ್ಪೆಟ್ ಹಾಸಿದರು. ದ್ರಾಕ್ಷಾಯಣಿ ಮೊಣಕಾಲಿನ ನೋವು ಮರೆತು ನಡೆದಳು. ದೀಪಗಳು ಆರಿ, ಒಂದೇ ಒಂದು ಬೆಳಕು ಆಕೆಯ ಮೇಲೆ ಬಿತ್ತು. ಕೈಗೆ ಒಂದು ಕಾಗದ, ಒಂದು ಮೈಕು. ಮೈಕಿಗೆ ಎಷ್ಟು ಭಾರ ಇರುತ್ತದೆಂದು ಆಕೆಗೆ ಆವರೆಗೆ ಗೊತ್ತಿರಲಿಲ್ಲ. ಮೊದಲ ಹೆಸರು ಕೂಗುವಾಗ ಧ್ವನಿ ನಡುಗಿತು. ಎರಡನೆಯದರಲ್ಲಿ ನಡುಕ ನಿಂತಿತು. ಮೂರನೆಯದಕ್ಕೆ ಟಾಂಗಾ ಹೊರಟಿತು.

ಹೆಸರಿನ ಮೊದಲ ಅಕ್ಷರವನ್ನು ಎಳೆದು, ನಡುವೆ ಉಸಿರು ಹಿಡಿದು, ಕೊನೆಯನ್ನು ಆಕಾಶಕ್ಕೆ ಎಸೆಯುವ ಆ ಕೂಗನ್ನು ಆ ಕಟ್ಟಡ ಹಿಂದೆಂದೂ ಕೇಳಿರಲಿಲ್ಲ. ಒಬ್ಬೊಬ್ಬ ಆಟಗಾರ ಬೆಳಕಿನೊಳಕ್ಕೆ ಜಾರಿ ಬಂದಾಗಲೂ ಜನ ಇನ್ನಷ್ಟು ಜೋರಾಗಿ ಅರಚಿದರು. ಒಂದಿಬ್ಬರು ಆಟಗಾರರು ತಮ್ಮ ಹೆಸರು ಇಷ್ಟು ದೊಡ್ಡದಿದೆಯೆಂದು ಇವತ್ತೇ ತಿಳಿದವರ ಹಾಗೆ ತಿರುಗಿ ತಿರುಗಿ ನೋಡಿದರು. ಹತ್ತೊಂಬತ್ತು ಹೆಸರು ಮುಗಿಯಿತು. ಇಪ್ಪತ್ತನೆಯದನ್ನು ಕಾಗದದ ಅಡಿಯಲ್ಲಿ ಯಾರೋ ಅವಸರದಲ್ಲಿ ಪೆನ್ನಿನಿಂದ ಬರೆದಿದ್ದರು. ಆಕೆ ಕಾಗದ ನೋಡಲಿಲ್ಲ. ಎದೆ ತುಂಬ ಉಸಿರು ಎಳೆದುಕೊಂಡಳು.

“ಗಂಡುಗ...ಲೀ... ಬ್ರೆಟ್... ವಿಲ್ಬ...ರ್ಗ್!”

ಇಪ್ಪತ್ತೇಳನೆಯ ನಂಬರಿನ ಆ ಮನುಷ್ಯ ಬೆಳಕಿಗೆ ಬಂದ. ಕ್ಯಾರಿ ಮಗಳನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡಳು. ಊರು ಎದ್ದು ನಿಂತಿತು. ಬ್ರೆಟ್ ಎಲ್ಲರ ಹಾಗೆ ಸಾಲಿಗೆ ಹೋಗಿ ನಿಲ್ಲಲಿಲ್ಲ. ಒಂದು ಸುತ್ತು ಹೆಚ್ಚಿಗೆ ಹಾಕಿ, ಕಾರ್ಪೆಟ್ಟಿನ ಬಳಿ ಬಂದು, ಕೋಲನ್ನು ಐಸಿಗೆ ಎರಡು ಸಲ ಕುಟ್ಟಿ, ದ್ರಾಕ್ಷಾಯಣಿಗೆ ತಲೆಬಾಗಿ ಹೋದ. ಮಂಕಿ ಕ್ಯಾಪಿನ ಅಣ್ಣಾಸಾಹೇಬರು ಯಾರಿಗೂ ಕಾಣದಂತೆ ಕಣ್ಣೊರೆಸಿಕೊಂಡರು ಎಂದು ಸಿಂಧೂರ ಆಮೇಲೆ ಎಲ್ಲರಿಗೂ ಹೇಳಿದಳು.

ಪೆಲಿಕನ್ಸ್ ಅವತ್ತು ಗೆದ್ದಿತು. ಪಾರ್ಕಿಂಗಿನಿಂದ ಕಾರು ಹೊರಬರಲು ಅರ್ಧ ಗಂಟೆ ಹಿಡಿಯಿತು. ಅಷ್ಟು ಹೊತ್ತೂ ತಡೆದುಕೊಂಡಿದ್ದ ಅಣ್ಣಾಸಾಹೇಬರು ರಸ್ತೆಗೆ ಬಂದಕೂಡಲೇ ಕೇಳಿದರು.

“ಅಲ್ಲಾ, ಗಂಡುಗಲಿ ನಮ್ಮ ಮಾವನವರ ಬಿರುದು. ಅದನ್ನ ಅವಗ್ಯಾಕ ಕೊಟ್ಟಿ?”

ದ್ರಾಕ್ಷಾಯಣಿ ಕಿಟಕಿಯ ಗಾಜು ಇಳಿಸಿ ಸಮುದ್ರದ ಗಾಳಿಗೆ ಮುಖ ಒಡ್ಡಿದಳು. ಗಂಟಲು ಕೂತು ಹೋಗಿತ್ತು, ಮುಖ ಮಾತ್ರ ನಗುತ್ತಿತ್ತು.

“ಎಷ್ಟು ವರ್ಷದಿಂದ ಡಬ್ಬಿಯೊಳಗ ಸುಮ್ನ ಬಿದ್ದಿತ್ತರಿ,” ಎಂದಳು. “ತಗದು ಹಚ್ಚಿದೆ.”